ಹತ್ತರಲ್ಲಿ ನೋವು ಎಷ್ಟು?

ನನಗೆ ಯಾವುದನ್ನೂ ಒಂದೇ ಸಲಕ್ಕೆ ಒಪ್ಪಿಕೊಳ್ಳಲು ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಡಾಕ್ಟರ ಮುಂದೆ ಕುಳಿತ ರೋಗಿಯ ಧಾಟಿಯಲ್ಲಿ ಹೇಳುತ್ತಿದ್ದೇನೆ. ಹೈಸ್ಕೂಲಿನಿಂದ ಕಾಲೇಜು ಮುಗಿಯುವವರೆಗೆ ನಾನು ಬೆಳೆದದ್ದೇ ಚರ್ಚಾಸ್ಪರ್ಧೆಗಳಲ್ಲಿ. ಮೊಬೈಲ್ ವರ ಎಂದು ಒಂದು ಶನಿವಾರ ಉಡುಪಿಯಲ್ಲಿ ವಾದಿಸಿ, ಮುಂದಿನ ಶನಿವಾರ ಅದೇ ಮೊಬೈಲ್ ಶಾಪ ಎಂದು ಕಾರ್ಕಳದಲ್ಲಿ ವಾದಿಸಿ, ಎರಡೂ ಕಡೆ ಮೊದಲ ಬಹುಮಾನ ತಂದವಳು. ಅಂಥವಳಿಗೆ ಸತ್ಯದ ಮೇಲೆ ಎಷ್ಟು ಗೌರವ ಉಳಿದೀತು, ನೀವೇ ಹೇಳಿ. ಚರ್ಚಿನಲ್ಲಿ ಪಾಪನಿವೇದನೆಗೆ ಹೋದಾಗಲೂ ಅಷ್ಟೇ. ಮೊಣಕಾಲೂರಿ ಪಾಪವನ್ನು ಹೇಳಿದ ಮೇಲೆ, ಅದು ನಿಜವಾಗಿಯೂ ಪಾಪದ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂದು ಪಾದ್ರಿಗಳ ಜತೆ ಕಾಲು ಗಂಟೆ ಜಿಜ್ಞಾಸೆ ನಡೆಸಿದೆ. ನನ್ನ ಹಿಂದೆ ಇನ್ನೂ ದೊಡ್ಡ ಪಾಪಗಳನ್ನು ಹೊತ್ತವರು ಸಾಲಾಗಿ ನಿಂತು ಕೆಮ್ಮುತ್ತಿದ್ದರು. ಮಮ್ಮಿ ಮನೆಗೆ ಬಂದವರೆಲ್ಲರಿಗೂ ಹೇಳುವುದುಂಟು: "ಇವಳ ಹತ್ರ ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಹೇಳ್ಬೇಕಾದ್ರೂ ಎರಡು ಸಾಕ್ಷಿ ಬೇಕು." ಒಂದೇ ಸಾಕ್ಷಿ ಸಾಕು, ಆದರೆ ಅದು ನಿಷ್ಪಕ್ಷಪಾತವಾಗಿರಬೇಕು ಎಂದು ನಾನು ತಿದ್ದುವುದೂ ಉಂಟು.

ಇಂಥ ನನಗೆ ಸಿಕ್ಕ ಕೆಲಸ, ಜನರ ನೋವು ಎಷ್ಟು ಎಂದು ಕೇಳಿ ಬರೆದುಕೊಳ್ಳುವುದು. ಕೊಟ್ಟವರು ಶೈಲಕ್ಕ. ಉದ್ಯಾವರದಲ್ಲಿ ನಮ್ಮ ಮನೆಯಿಂದ ಮೂರನೆಯ ಗೇಟು ಅವರದ್ದು, ಮಣಿಪಾಲದಲ್ಲಿ ಫಿಸಿಯೋಥೆರಪಿಸ್ಟ್. ವರ್ಷಗಟ್ಟಲೆ ಹಳೆಯದಾದ ಸೊಂಟನೋವು, ಕುತ್ತಿಗೆನೋವು, ಮಂಡಿನೋವಿನವರಿಗೆಂದು ಹೊರದೇಶದಲ್ಲಿ ಮಾಡಿದ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವುದು, ತಂದ ಕನ್ನಡ ನಂಬಿಕೆಗೆ ಯೋಗ್ಯವೇ ಎಂದು ಪರೀಕ್ಷಿಸುವುದು ಅವರ ಪಿಎಚ್‌ಡಿ. ಅವಧಿ ಮುಗಿದು ಎರಡು ಸಲ ವಿಸ್ತರಣೆ ಆಗಿತ್ತು; ಮೂರನೆಯದು ಇಲ್ಲ ಎಂದು ಗೈಡ್ ಸ್ಪಷ್ಟವಾಗಿ ಹೇಳಿದ್ದರು. ಹೇಳಿದ ದಿನಾಂಕದೊಳಗೆ ಸಲ್ಲಿಸಿದರೆ ಶೈಲಕ್ಕ ಡಾಕ್ಟರ್ ಶೈಲಕ್ಕ ಆಗುತ್ತಾರೆ, ಇಲ್ಲದಿದ್ದರೆ ಆರು ವರ್ಷದ ಕೆಲಸ ಕಪಾಟಿಗೆ ಹೋಗುತ್ತದೆ. ಅವರು ಉಗುರು ಕಚ್ಚುತ್ತಿದ್ದ ವೇಗ ನೋಡಿದರೆ ಕಪಾಟಿನ ಬೀಗವೂ ತಯಾರಿದ್ದ ಹಾಗೆ ಕಾಣುತ್ತಿತ್ತು.

ಅದೇ ಪ್ರಶ್ನಾವಳಿಯನ್ನು ಸ್ಪೇನಿನವರು ಮೊದಲೇ ತಮ್ಮ ಭಾಷೆಗೆ ತಂದುಕೊಂಡಿದ್ದರು. ಯಾವ ಹಂತದಲ್ಲಿ ಏನು ಮಾಡಿದರು ಎಂಬ ಇಂಗ್ಲಿಷ್ ವರದಿ, ಹಿಂದೆ ಸ್ಪ್ಯಾನಿಷ್ ಪ್ರಶ್ನೆಗಳು, ಎಲ್ಲ ಸೇರಿದ ದಪ್ಪ ಫೈಲೊಂದು ಶೈಲಕ್ಕನ ಮೇಜಿನ ಮೇಲಿತ್ತು. ಏನು ಸಂಶಯ ಬಂದರೂ, "ಸ್ಪೇನಿನವರು ಎಂತ ಮಾಡಿದ್ದಾರೆ ನೋಡು" ಎನ್ನುವುದು. ನಾನು ಮೊದಲ ದಿನವೇ ಆಕ್ಷೇಪ ಎತ್ತಿದೆ. ಸ್ಪೇನಿನಲ್ಲಿ ನೋಯುವುದೂ ಸ್ಪ್ಯಾನಿಷಿನಲ್ಲಿ, ಹೇಳುವುದೂ ಸ್ಪ್ಯಾನಿಷಿನಲ್ಲಿ. ನಮ್ಮಲ್ಲಿ ಹಾಗಲ್ಲ. ಪಕ್ಕದ ಕಾಪುವಿನವರಿಗೆ ನೋವು ಬರುವುದು ತುಳುವಿನಲ್ಲಿ, ನನ್ನ ಮಮ್ಮಿಗೆ ಕೊಂಕಣಿಯಲ್ಲಿ. ಕನ್ನಡವೆಂದರೆ ಪಂಚಾಯತಿಗೆ ಅರ್ಜಿ ಬರೆಯುವ ಭಾಷೆ. ಅರ್ಜಿಯ ಭಾಷೆಯಲ್ಲಿ ಯಾರಾದರೂ ನರಳುತ್ತಾರೆಯೇ? ಅಷ್ಟಲ್ಲದೆ, ನೋವಿಗೆ ಅಳತೆಗೋಲು ಎಲ್ಲಿದೆ? ನಿಮ್ಮ ಆರು ಮತ್ತು ನನ್ನ ಆರು ಒಂದೇ ಎಂದು ಸಾಬೀತು ಮಾಡುವುದು ಹೇಗೆ? ಕಾಲು ಅಲ್ಲಾಡಿಸುತ್ತ, ಅವರ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ, ಹತ್ತು ನಿಮಿಷ ಮಂಡಿಸಿದೆ. ಶೈಲಕ್ಕ ಪೆನ್ನು ಕಿತ್ತುಕೊಂಡು ಕೇಳಿದರು:

"ಈಗ ಆಸ್ಪತ್ರೆಯಲ್ಲಿ ಆ ಫಾರ್ಮ್ ಯಾವ ಭಾಷೆಯಲ್ಲಿ ಉಂಟು?"

"ಇಂಗ್ಲಿಷಿನಲ್ಲಿ."

"ಅದಕ್ಕಿಂತ ಕನ್ನಡ ಒಳ್ಳೇದಾ, ಅಲ್ವಾ?"

"ಒಳ್ಳೇದು. ಆದ್ರೆ..."

"ನಿನ್ನ 'ಆದ್ರೆ'ಗೆ ನನ್ನ ಹತ್ರ ಟೈಮ್ ಇಲ್ಲ ಲವೀನಾ. ಸ್ಕೂಟರಿಗೆ ಪೆಟ್ರೋಲ್ ಹಾಕ್ಸು."

ಅನುವಾದದ ಕತೆಯೇ ಬೇರೆ. ಒಬ್ಬರು ಕನ್ನಡಕ್ಕೆ ತರಬೇಕು. ಮೂಲವನ್ನು ಕಣ್ಣಿನಲ್ಲೂ ಕಾಣದ ಇನ್ನೊಬ್ಬರು ಆ ಕನ್ನಡವನ್ನು ತಿರುಗಿ ಇಂಗ್ಲಿಷಿಗೆ ಒಯ್ಯಬೇಕು. ಆಮೇಲೆ ಎರಡು ಇಂಗ್ಲಿಷುಗಳನ್ನು ಪಕ್ಕಪಕ್ಕ ಇಟ್ಟು, ದಾರಿಯಲ್ಲಿ ಏನು ಚೆಲ್ಲಿಹೋಯಿತು ಎಂದು ನೋಡಬೇಕು. ಕನ್ನಡಕ್ಕೆ ತಂದವರು ಶೈಲಕ್ಕ, ತಿರುಗಿ ಒಯ್ದವರು ಉಡುಪಿಯ ನಿವೃತ್ತ ಇಂಗ್ಲಿಷ್ ಉಪನ್ಯಾಸಕರೊಬ್ಬರು. ಅವರ ಇಂಗ್ಲಿಷ್ ಮೂಲಕ್ಕಿಂತ ಎಷ್ಟೋ ಚೆನ್ನಾಗಿ ಬಂತು. ಅದೂ ತಪ್ಪಂತೆ! ಚಂದ ಆಗಬಾರದು, ಅಷ್ಟೇ ಆಗಬೇಕು ಎಂದು ಸ್ಪೇನಿನವರ ಫೈಲು ಹೇಳಿತಂತೆ. ಮೂಲದಲ್ಲಿ ರತ್ನಗಂಬಳಿಯನ್ನು ಯಂತ್ರದಿಂದ ಶುಚಿ ಮಾಡುವಾಗ ಸೊಂಟ ನೋಯುತ್ತದೆಯೇ ಎಂದಿತ್ತು. ಕಾಪುವಿನಲ್ಲಿ ಯಾರ ಮನೆಯಲ್ಲಿ ರತ್ನಗಂಬಳಿ? ಅಂಗಳ ಗುಡಿಸುವಾಗ ಎಂದು ಮಾಡಿದೆವು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದವರು ಎಂತ ಮಾಡಬೇಕು ಎಂದು ನಾನು ಕೇಳಿದೆ. ಅವರೂ ಗುಡಿಸುತ್ತಾರೆ ಎಂದು ಶೈಲಕ್ಕ ಹೇಳಿದರು. ಗಂಡಸರು ಗುಡಿಸುತ್ತಾರಾ ಎಂದು ಕೇಳಿದೆ. ಆ ದಿನದ ಸಭೆ ಅಲ್ಲಿಗೆ ಮುಗಿಯಿತು.

ಪ್ರಶ್ನೆಗಳು ಜನರಿಗೆ ಅರ್ಥವಾಗುತ್ತವೆಯೇ ಎಂದು ನೋಡಲು ಮೊದಲು ಕೆಲವರನ್ನು ಕೇಳಬೇಕಿತ್ತು. ಕಾರ್ಕಳದ ನಿವೃತ್ತ ಮಾಸ್ಟ್ರೊಬ್ಬರ ಮನೆಗೆ ಇಬ್ಬರೂ ಹೋದೆವು. ಮಾಸ್ಟ್ರಿಗೆ ಹನ್ನೆರಡು ವರ್ಷದ ಸೊಂಟನೋವು. ಕುರ್ಚಿಯಿಂದ ಏಳಬೇಕಾದರೆ ಮೊದಲು ಮೇಜನ್ನು ಹಿಡಿದು, ಆಮೇಲೆ ಹೆಂಡತಿಯನ್ನು ಕರೆದು, ಕೊನೆಗೆ ದೇವರನ್ನು ನೆನೆಯಬೇಕು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ಊಹಿಸಲೂ ಆಗದ ನೋವು, ನಿಮ್ಮದು ಎಷ್ಟು ಎಂದು ಕೇಳಿದೆವು. ಅವರು ಕನ್ನಡಕ ಹಾಕಿಕೊಂಡರು.

"ಪಾಸ್ ಆಗ್ಲಿಕ್ಕೆ ಎಷ್ಟು ಬೇಕು?"

"ಇದರಲ್ಲಿ ಪಾಸು, ಫೇಲು ಇಲ್ಲ ಮಾಸ್ಟ್ರೇ."

"ಹಾಗಾದ್ರೆ ಆರೂವರೆ ಬರಿ. ಹತ್ತಕ್ಕೆ ಹತ್ತು ನಾನು ನನ್ನ ಸರ್ವಿಸಿನಲ್ಲಿ ಯಾರಿಗೂ ಕೊಟ್ಟವನಲ್ಲ. ಏಳು ಕೊಟ್ರೆ ಅಹಂಕಾರ ಬರ್ತದೆ."

ನೋವಿಗೆ ಅಹಂಕಾರ ಬರುತ್ತದೆ ಎಂಬುದನ್ನು ಶೈಲಕ್ಕ ಶ್ರದ್ಧೆಯಿಂದ ಬರೆದುಕೊಂಡರು. ನಾನು ಮಾತ್ರ ಹಿಂದೆ ಬರುವಾಗ ದಾರಿಯುದ್ದಕ್ಕೂ ಸ್ಕೂಟರಿನ ಹಿಂದಿನ ಸೀಟಿನಿಂದ ಅವರ ಹೆಲ್ಮೆಟ್ಟಿಗೆ ವಾದಿಸಿದೆ: ನೋಡಿದ್ರಾ, ಮಾಸ್ಟ್ರು ನೋವನ್ನು ಹೇಳಲಿಲ್ಲ, ನೋವಿನ ಉತ್ತರಪತ್ರಿಕೆ ತಿದ್ದಿದರು. ಇಂಥ ಸಂಖ್ಯೆಗಳನ್ನು ಯಾರಾದರೂ ಸ್ವಲ್ಪ ಪರಿಶೀಲಿಸಬೇಡವೇ? ಹೆಲ್ಮೆಟ್ ಏನೂ ಹೇಳಲಿಲ್ಲ. ಮೌನ ಸಮ್ಮತಿ ಎಂದು ನಾನು ತಿಳಿದದ್ದೇ ಎಲ್ಲ ಅನಾಹುತದ ಮೂಲ.

ಕೊನೆಯ ಹಂತಕ್ಕೆ ಬಂದೆವು. ಪ್ರತಿಯೊಬ್ಬರಿಗೂ ಎರಡು ಸಲ, ನಡುವೆ ಎರಡು ವಾರ ಬಿಟ್ಟು, ಅದೇ ಪ್ರಶ್ನೆ ಕೇಳಬೇಕು. ಹಳೆಯ ನೋವು ಎರಡು ವಾರದಲ್ಲಿ ಹೆಚ್ಚುಕಡಿಮೆ ಆಗುವುದಿಲ್ಲವಾದ್ದರಿಂದ ಉತ್ತರವೂ ಬದಲಾಗಬಾರದು. ಬದಲಾದರೆ ಕನ್ನಡದಲ್ಲಿ ಏನೋ ಕೆಟ್ಟಿದೆ ಎಂದರ್ಥ, ಮೊದಲಿನಿಂದ ಅನುವಾದ. ಕಾರ್ಕಳ, ಅಜೆಕಾರು ಕಡೆ ಶೈಲಕ್ಕ. ಕಾಪುವಿನ ಇಪ್ಪತ್ತೆರಡು ಮಂದಿ ನನಗೆ.

ನಾನು ಹೋದ ಮೊದಲ ಮನೆ ಗಿರಿಜಕ್ಕನದ್ದು. ಕಾಪು ಮಾರ್ಕೆಟಿನಲ್ಲಿ ಮೂವತ್ತು ವರ್ಷದಿಂದ ಮೀನು ಮಾರುವವರು, ತಲೆಹೊರೆಯಿಂದ ಬಂದ ಕುತ್ತಿಗೆನೋವು. ಅಂಗಳದಲ್ಲಿ ತುಳುವಿನಲ್ಲಿ ಮಾತಾಡುವಾಗ ಕೈ ಬೀಸಿ ನಗುತ್ತಿದ್ದವರು, ನಾನು ಕನ್ನಡದ ಹಾಳೆ ತೆಗೆದದ್ದೇ ಸೆರಗು ಸರಿಮಾಡಿ ಬ್ಯಾಂಕಿನ ಮೆನೇಜರ ಎದುರು ಕುಳಿತ ಹಾಗೆ ಕುಳಿತರು. ಜಗಲಿಯ ಕೊನೆಯಲ್ಲಿ ಮಗ ಸುರೇಶ ಮೊಬೈಲ್ ನೋಡುತ್ತಿದ್ದ. ಮಾತು ನಡೆದದ್ದು ತುಳುವಿನಲ್ಲಿ. ನಾನು ಬರೆಯುತ್ತಿರುವುದು ನಮ್ಮೂರ ಕನ್ನಡದಲ್ಲಿ.

"ಎಂಟು" ಎಂದರು ಗಿರಿಜಕ್ಕ.

ಬರೆದುಕೊಂಡು ಮುಂದೆ ಹೋಗಬೇಕಾದದ್ದು. ಹೋದೆನೇ? "ಎಂಟಾ ಗಿರಿಜಕ್ಕ? ಹತ್ತು ಅಂದ್ರೆ ಊಹಿಸ್ಲಿಕ್ಕೂ ಆಗದ ನೋವು, ಗೊತ್ತುಂಟಲ್ಲ? ಇವತ್ತು ಮಾರ್ಕೆಟಿಗೆ ಹೋಗಿದ್ರಾ?"

"ಹೋಗದೆ?"

"ಬುಟ್ಟಿ ಹೊತ್ತದ್ದು ಯಾರು?"

"ರಿಕ್ಷಾದಿಂದ ಸುರೇಶ ಇಳಿಸಿ ಒಳಗೆ ಇಡ್ತಾನೆ. ಮತ್ತೆ ಎಲ್ಲ ನಾನೇ."

"ಮಧ್ಯಾಹ್ನ ಅಡಿಗೆ?"

"ನಾನೇ ಮಾರಾಯ್ತಿ. ನಿನ್ನ ಅಪ್ಪ ಬಂದು ಮಾಡ್ತಾರಾ?"

"ಎಂಟು ನೋವು ಇರುವವರಿಗೆ ಇದೆಲ್ಲ ಮಾಡ್ಲಿಕ್ಕೆ ಆಗ್ತದಾ?"

ಗಿರಿಜಕ್ಕ ಕುತ್ತಿಗೆ ಸವರಿಕೊಂಡರು. ಸುರೇಶ ಮೊಬೈಲಿನಿಂದ ತಲೆ ಎತ್ತಿದ. "ಸರಿಯಾಗಿ ಕೇಳಿದ್ರು ನೋಡಮ್ಮ."

"ಹಾಗಾದ್ರೆ ಏಳು."

"ರಾತ್ರಿ ನಿದ್ರೆ?"

"ಬರ್ತದೆ, ಸುಸ್ತಾಗಿ."

"ಏಳು ನೋವಿಗೆ ನಿದ್ರೆ ಬರಬಾರದಲ್ಲ?"

"ಅಯ್ಯೋ ಐದು ಬರಿ. ನನಗೆ ಮೀನು ತೊಳೀಲಿಕ್ಕುಂಟು."

ಐದು ಎಂದು ಬರೆದೆ. ವಾದದಲ್ಲಿ ಗೆದ್ದಾಗ ಕಿವಿಯ ಹಿಂದೆ ಒಂದು ಬಿಸಿ ಏರುತ್ತದೆ. ಅದನ್ನು ನಾನು ವೈಜ್ಞಾನಿಕ ನಿಖರತೆ ಎಂದು ತಿಳಿದುಕೊಂಡೆ. ಮುಂದಿನ ಇಪ್ಪತ್ತೊಂದು ಮನೆಗಳಲ್ಲೂ ಇದೇ. ಒಂಬತ್ತು ಎಂದವರನ್ನು ಆರಕ್ಕೆ ಇಳಿಸಿದೆ. ಸಂಕೋಚದಿಂದ ಮೂರು ಎಂದ ಬಡಗಿಯೊಬ್ಬರನ್ನು, "ಉಳಿ ಹಿಡೀಲಿಕ್ಕೆ ಆಗುವುದಿಲ್ಲ ಅಂತ ನೀವೇ ಹೇಳಿದ್ದಲ್ವಾ?" ಎಂದು ಏಳಕ್ಕೆ ಏರಿಸಿದೆ. ಯಾರೂ ಬೇಸರ ಮಾಡಲಿಲ್ಲ. ನಮ್ಮ ಕಡೆಯವರಿಗೆ ಮನೆಗೆ ಬಂದವರ ಜತೆ ಒಂದು ಸಂಖ್ಯೆಗಾಗಿ ಜಗಳ ಮಾಡುವುದು ಗೊತ್ತಿಲ್ಲ. ಶರ್ಬತ್ತು ಕೊಟ್ಟು, ಹೌದೆಂದು ಹೇಳಿ ಕಳಿಸಿದರು.

ಎರಡನೆಯ ಸುತ್ತಿನ ವಾರ ದೊಡ್ಡಪ್ಪನ ಮಗಳ ಮದುವೆ ಬಂತು. ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ಮದುಮಗಳ ತಲೆಗೆ ತೆಂಗಿನ ಹಾಲು ಸುರಿಯಲು ನಾನಿಲ್ಲದಿದ್ದರೆ ಮಮ್ಮಿ ಅದನ್ನು ನನ್ನ ತಲೆಗೆ ಸುರಿಯುವುದಾಗಿ ಹೇಳಿದ್ದರಿಂದ, ಕಾಪುವಿಗೆ ಶೈಲಕ್ಕನೇ ಹೋದರು. ನಾನು ಮರಳಿ ಮಣಿಪಾಲಕ್ಕೆ ಹೋದಾಗ ಅವರು ಕಂಪ್ಯೂಟರಿನ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕುಳಿತಿದ್ದರು. ಚಾ ಆರಿ ಕೆನೆ ಕಟ್ಟಿತ್ತು.

"ಕಾರ್ಕಳದ್ದು ಎರಡೂ ಸುತ್ತು ಚಂದ ಕೂಡ್ತದೆ. ಕಾಪುವಿನದ್ದು ಒಂದೂ ಕೂಡುವುದಿಲ್ಲ ಲವೀನಾ. ನಾನು ಮಾಡಿದ ಕನ್ನಡವೇ ಸರಿ ಇಲ್ವೋ ಏನೋ. ಇನ್ನು ಇಪ್ಪತ್ತನಾಲ್ಕು ದಿವಸ ಉಂಟು."

ಆಗ ನನಗಾದದ್ದು ದುಃಖ ಎಂದು ಬರೆದರೆ ಸುಳ್ಳಾಗುತ್ತದೆ. ಸಂತೋಷವಾಯಿತು. ಮೊದಲ ದಿನದಿಂದ ನಾನು ಹೇಳಿದ್ದು ಇದನ್ನೇ ಅಲ್ಲವೇ! ಅರ್ಜಿಯ ಭಾಷೆ, ಅಳತೆಗೋಲು, ಎಲ್ಲವನ್ನೂ ಇನ್ನೊಮ್ಮೆ, ಈ ಸಲ ಪುರಾವೆ ಸಹಿತ ಮಂಡಿಸಿದೆ. ಶೈಲಕ್ಕ ಒಂದು ಮಾತಿಗೂ ಎದುರು ಹೇಳಲಿಲ್ಲ. ಎದುರಾಳಿ ಸುಮ್ಮನಾದರೆ ನನಗೆ ಕುಳಿತಲ್ಲಿ ಕುಳಿತಿರಲು ಆಗುವುದಿಲ್ಲ. ಮುಳ್ಳಿನ ಮೇಲೆ ಕುಳಿತ ಹಾಗೆ. ಅವರ ಸೋಲಿಗೆ ಸರಿಯಾದ ಸಾಕ್ಷಿಯನ್ನಾದರೂ ತಂದುಕೊಡೋಣ ಎಂದು ಮರುದಿನ ಕಾಗದಗಳನ್ನು ಹಿಡಿದು ಕಾಪುವಿಗೆ ಹೊರಟೆ.

"ಗಿರಿಜಕ್ಕ, ಎರಡು ವಾರದಲ್ಲಿ ನೋವು ಜಾಸ್ತಿ ಆಯ್ತಾ?"

"ಇಲ್ಲ. ಮೊದಲಿನ ಹಾಗೇ ಉಂಟು."

"ಪ್ರಶ್ನೆ ಅರ್ಥ ಆಗ್ಲಿಲ್ವಾ?"

"ಆಗದ್ದೆಂತ? ನೋವು ಎಷ್ಟು ಅಂತ ಕೇಳಿದ್ದು."

"ಮತ್ತೆ ನನ್ನ ಹತ್ರ ಐದು ಹೇಳಿ, ಶೈಲಕ್ಕನ ಹತ್ರ ಎಂಟು ಹೇಳಿದ್ದು ಯಾಕೆ?"

ಗಿರಿಜಕ್ಕ ಅಂಗಳ ಗುಡಿಸುತ್ತಿದ್ದ ಹಿಡಿಸೂಡಿಯನ್ನು ಕೆಳಗಿಟ್ಟರು. "ನಾನು ಐದು ಯಾವಾಗ ಹೇಳಿದ್ದು? ಐದು ಹೇಳಿದ್ದು ನೀನು. ಅವರು ಒಳ್ಳೆಯವರು. ಕೇಳಿದ್ರು, ಬರೆದ್ರು, ಚಾ ಕುಡಿದು ಹೋದ್ರು. ನಿನ್ನ ಐದರಿಂದ ನನಗೆ ಎಂತ ಆಯ್ತು ಗೊತ್ತುಂಟಾ? ಅವತ್ತಿನಿಂದ ಈ ಸುರೇಶ ಬುಟ್ಟಿ ಇಳಿಸ್ಲಿಕ್ಕೆ ಬರುವುದಿಲ್ಲ. ಆಸ್ಪತ್ರೆಯವರೇ ಐದು ಅಂತ ಬರ್ಕೊಂಡು ಹೋಗಿದ್ದಾರಂತೆ. ಅರ್ಧ ನೋವಂತೆ!"

ಸುರೇಶ ಒಳಗಿನಿಂದ ಬಂದ. ನಾನು ಕೂಡಲೇ, "ಅದು ಐದಲ್ಲ ಸುರೇಶಣ್ಣ, ಎಂಟು. ನಂದೇ ತಪ್ಪು" ಎಂದೆ.

"ಅದು ಹೇಗೆ ಮೇಡಂ? ಮಾರ್ಕೆಟಿಗೆ ಹೋಗುವುದು ಯಾರು? ಅಮ್ಮ. ಅಡಿಗೆ? ಅಮ್ಮ. ಎಂಟು ನೋವು ಇರುವವರಿಗೆ ಇದೆಲ್ಲ ಮಾಡ್ಲಿಕ್ಕೆ ಆಗ್ತದಾ? ರಾತ್ರಿ ನಿದ್ರೆ ಬರ್ತದಲ್ಲ?"

ನನ್ನದೇ ಪ್ರಶ್ನೆಗಳು, ನನ್ನದೇ ಅನುಕ್ರಮ, ಕೊನೆಯಲ್ಲಿ ಹುಬ್ಬು ಎತ್ತುವುದೂ ನನ್ನದೇ. ಆ ವಾದಕ್ಕೆ ಉತ್ತರವೇ ಇಲ್ಲದಷ್ಟು ಚೆನ್ನಾಗಿ ನಾನೇ ಅದನ್ನು ಕಟ್ಟಿದ್ದೆ. ಕೆಲಸ ಮಾಡದಿದ್ದರೆ ನಡೆಯುವುದಿಲ್ಲವೆಂದು ನೋವಿನಲ್ಲೇ ಮಾಡುತ್ತಾರೆ ಎಂಬ ಸರಳ ಸಂಗತಿ ನನ್ನ ತರ್ಕದೊಳಗೆ ಎಲ್ಲಿಯೂ ಇರಲಿಲ್ಲ. ಅದು ಗಿರಿಜಕ್ಕನ ರೂಪದಲ್ಲಿ ಎದುರಿಗೆ ಕುತ್ತಿಗೆ ಓರೆ ಮಾಡಿ ನಿಂತಿತ್ತು.

ಕಾಪುವಿನಿಂದ ಮಣಿಪಾಲಕ್ಕೆ ಸ್ಕೂಟರಿನಲ್ಲಿ ಬರುವಷ್ಟರಲ್ಲಿ ನನ್ನ ಪರವಾಗಿ ಮೂರು ಸಮರ್ಥನೆಗಳನ್ನು ತಯಾರಿಸಿದ್ದೆ. ಮೂರೂ ಒಳ್ಳೆಯವು. ಶೈಲಕ್ಕನ ಕೋಣೆಯ ಬಾಗಿಲಲ್ಲಿ ಅವರ ಮುಖ ನೋಡಿ ಒಂದನ್ನೂ ಹೇಳಲಾಗಲಿಲ್ಲ. "ಕನ್ನಡ ಸರಿ ಉಂಟು ಶೈಲಕ್ಕ. ನಾನು ಸರಿ ಇಲ್ಲ" ಎಂದು ಆದದ್ದನ್ನೆಲ್ಲ ಒಪ್ಪಿಸಿದೆ.

"ಎಷ್ಟು ಮಂದಿಗೆ ಹಾಗೆ ಮಾಡಿದ್ದಿ?"

"ಎಲ್ಲರಿಗೂ."

ಬೈಯುತ್ತಾರೆ ಎಂದು ಕಾದೆ. ಅವರು ಎರಡು ದಿನದಿಂದ ಮುಟ್ಟದೆ ಇಟ್ಟಿದ್ದ ಬಿಸ್ಕತ್ತಿನ ಪ್ಯಾಕೆಟ್ ಒಡೆದು ಒಂದರ ಮೇಲೊಂದು ನಾಲ್ಕು ತಿಂದರು. "ಅಬ್ಬ, ಕನ್ನಡ ಸರಿ ಉಂಟಲ್ಲ" ಎಂದರು. ಐದನೆಯದನ್ನು ತಿನ್ನುವಾಗ ಸಿಟ್ಟು ಬಂತು. ಅದು ತಿಂದು ಮುಗಿಯುವವರೆಗೆ ನನಗೆ ಸಿಕ್ಕಿದ ಬೈಗುಳಗಳನ್ನು ಇಲ್ಲಿ ಬರೆಯುವುದಿಲ್ಲ. ಗೈಡಿಗೆ ಎಲ್ಲ ತಿಳಿಸಿದರು, ಅನುಮತಿ ಕೇಳಬೇಕಾದವರನ್ನು ಕೇಳಿದರು. ನನ್ನ ಇಪ್ಪತ್ತೆರಡು ಕಾಗದಗಳೂ ಹೊರಗೆ. ಜೋಡಿ ತಪ್ಪಿದ ಶೈಲಕ್ಕನ ಸುತ್ತೂ ಲೆಕ್ಕಕ್ಕಿಲ್ಲ, ಮೊದಲಿನಿಂದ ಎರಡೂ ಸುತ್ತು ಆಗಬೇಕು. ನಡುವಿನ ಎರಡು ವಾರ ಕಳೆದರೆ ಉಳಿಯುವುದು ಕೈಬೆರಳಿನ ಎಣಿಕೆಯ ದಿನಗಳು. ಅವರಿಗೆ ಬರೆಯುವ ಕೆಲಸ ರಾಶಿ ಬಿದ್ದಿತ್ತು, ಬೇರೆ ಯಾರೂ ಸಿಗಲಿಲ್ಲ, ನನ್ನನ್ನೇ ಕಳಿಸಬೇಕಾಯಿತು. "ಅಚ್ಚಾದದ್ದನ್ನು ಓದು. ಹೇಳಿದ್ದನ್ನು ಬರಿ. ಅದರ ಹೊರಗೆ ಒಂದು ಅಕ್ಷರ ಬಾಯಿಂದ ಬಂದ್ರೆ ನಿನ್ನ ಮಮ್ಮಿಗೆ ಫೋನ್ ಮಾಡ್ತೇನೆ."

ಮಾತಾಡದೆ ಕೆಲಸ ಮಾಡುವುದು ಎಷ್ಟು ಕಷ್ಟವೆಂದು ನನಗೆ ಆ ವಾರ ತಿಳಿಯಿತು. ನಾಲಗೆಯನ್ನು ಹಲ್ಲಿನ ನಡುವೆ ಹಿಡಿದು, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ, ಗಿರಿಜಕ್ಕನ ಜಗಲಿಯಲ್ಲಿ ಕುಳಿತು ಪ್ರಶ್ನೆ ಓದಿದೆ.

"ಹತ್ತು" ಎಂದರು ಗಿರಿಜಕ್ಕ.

ಎಂಟು ಇದ್ದದ್ದು ಹತ್ತು ಹೇಗಾಯಿತು? ಗಂಟಲಿನವರೆಗೆ ಬಂದದ್ದನ್ನು ನುಂಗಿ, ಹತ್ತು ಎಂದು ಬರೆದೆ. ಗಿರಿಜಕ್ಕ ಕಾದರು. ನಾನು ಎರಡನೆಯ ಪ್ರಶ್ನೆಗೆ ಹಾಳೆ ಮಗುಚಿದೆ.

"ಬರೆದೇ ಬಿಟ್ಟಿಯಾ?"

ತಲೆಯಾಡಿಸಿದೆ.

"ಎಂತ ಹುಡುಗಿ ಮಾರಾಯ್ತಿ ನೀನು! ನೀನು ಇಳಿಸ್ತೀ ಅಂತ ಅಲ್ವಾ ನಾನು ಎರಡು ಏರಿಸಿ ಹೇಳಿದ್ದು? ಬಂಗುಡೆಗೆ ನೂರು ಹೇಳಿದ್ರೆ ಯಾರಾದ್ರೂ ನೂರು ಕೊಟ್ಟು ಹೋಗ್ತಾರಾ? ಎಂಟು ಬರಿ, ಎಂಟು. ಬರೆದದ್ದನ್ನು ಸ್ವಲ್ಪ ದೊಡ್ಡದಾಗಿ ಓದು, ಒಳಗೆ ಕೇಳ್ಲಿ."

ಉತ್ತರಿಸುವವರು ತಾವಾಗಿ ಬದಲಾಯಿಸಿದರೆ ತಿದ್ದಬಹುದು. ತಿದ್ದಿದೆ. ತಿದ್ದಿದ್ದನ್ನು ಗಟ್ಟಿಯಾಗಿ ಓದಬಾರದು ಎಂದು ಸ್ಪೇನಿನವರ ಫೈಲಿನಲ್ಲಿ ಎಲ್ಲಿಯೂ ನೋಡಿದ ನೆನಪಿರಲಿಲ್ಲ, ಓದಿದೆ. ಒಳಗೆ ಮೊಬೈಲಿನ ಹಾಡು ನಿಂತಿತು. ಆ ವಾರ ಇನ್ನೂ ಆರೇಳು ಮನೆಗಳಲ್ಲಿ ಇದೇ ಆಯಿತು. ಊರೆಲ್ಲ ನನ್ನ ಸ್ವಭಾವಕ್ಕೆ ತಕ್ಕಂತೆ ನೋವಿಗೆ ದರ ನಿಗದಿ ಮಾಡಿಕೊಂಡಿತ್ತು. ಎರಡು ವಾರದ ನಂತರ ಹೋದಾಗ ಸುರೇಶ ಮನೆಯಲ್ಲಿರಲಿಲ್ಲ, ಬುಟ್ಟಿ ಇಳಿಸಲು ಮಾರ್ಕೆಟಿಗೆ ಹೋಗಿದ್ದವನು ಅಲ್ಲೇ ಚಾ ಕುಡಿಯುತ್ತಿದ್ದಾನಂತೆ. ಗಿರಿಜಕ್ಕ ಪ್ರಶ್ನೆ ಮುಗಿಯುವ ಮೊದಲೇ ಎಂಟು ಎಂದರು, ಈ ಸಲ ಚೌಕಾಶಿಗೆ ಜಾಗ ಬಿಡದೆ.

ಕಾಪು ಕೂಡಿತು. ಶೈಲಕ್ಕ ಕೊನೆಯ ದಿನಾಂಕಕ್ಕೆ ಒಂದು ದಿನ ಮೊದಲು ಸಲ್ಲಿಸಿದರು. ಬೈಂಡ್ ಆದ ಪ್ರತಿಯನ್ನು ನಮ್ಮ ಮನೆಗೆ ತಂದು ತೋರಿಸಿದಾಗ ನಾನು ಆತುರದಿಂದ ಕೃತಜ್ಞತೆಯ ಪುಟ ತೆಗೆದೆ. ಗೈಡ್ ಇದ್ದರು, ಉಡುಪಿಯ ಉಪನ್ಯಾಸಕರಿದ್ದರು, ಕಾರ್ಕಳದ ಮಾಸ್ಟ್ರೂ ಇದ್ದರು. ನಾನಿರಲಿಲ್ಲ. "ನೀನು ಹಿಂದೆ ಇದ್ದಿ" ಎಂದು ಶೈಲಕ್ಕ 'ಅಧ್ಯಯನದ ಮಿತಿಗಳು' ಎಂಬ ಭಾಗವನ್ನು ತೆಗೆದುಕೊಟ್ಟರು. ಅಲ್ಲಿ ಒಂದು ವಾಕ್ಯ: ಸಂದರ್ಶಕರೊಬ್ಬರ ವೈಯಕ್ತಿಕ ಪ್ರಭಾವವು ಉತ್ತರಗಳ ಮೇಲೆ ಬಿದ್ದದ್ದು ಖಚಿತವಾದ ಕಾರಣ, ಕಾಪುವಿನಲ್ಲಿ ಮೊದಲು ಪಡೆದ ಎಲ್ಲ ಉತ್ತರಗಳನ್ನೂ ಕೈಬಿಡಲಾಗಿದೆ.

ಮಮ್ಮಿ ಓದಿ ನಿಟ್ಟುಸಿರು ಬಿಟ್ಟರು. "ದೇವರು ದೊಡ್ಡವರು. ನಿನ್ನ ಹೆಸರು ಹಾಕ್ಲಿಲ್ಲ."

ನಾನು ಅದೇ ವಾಕ್ಯವನ್ನು ಇನ್ನೊಮ್ಮೆ ಓದಿದೆ. ಇಷ್ಟು ವರ್ಷ ಅಷ್ಟೆಲ್ಲ ವಾದಿಸಿದ್ದೇನೆ. ನನ್ನ ಮಾತಿನಿಂದ ಒಬ್ಬರಾದರೂ ಬದಲಾದರು ಎಂಬುದಕ್ಕೆ ನನ್ನ ಬಳಿ ಇಂದಿನವರೆಗೆ ಒಂದು ತುಂಡು ಕಾಗದವೂ ಇರಲಿಲ್ಲ. ಇಲ್ಲಿ ಇಪ್ಪತ್ತೆರಡು ಮಂದಿ, ಲಿಖಿತವಾಗಿ, 'ಖಚಿತ'ವಾಗಿ. ಹೆಸರು ಹಾಕದಿರುವುದು ಅನ್ಯಾಯವೆಂದು ಶೈಲಕ್ಕನ ಜತೆ ಅರ್ಧ ಗಂಟೆ ವಾದಿಸಿದೆ.